ಸಾಣೆ ಸೈಕಲ್ಲಿಗೆ ಒಬ್ಬರೇ ಸಾಕ್ಷಿ

ನಿಟ್ಟುವಳ್ಳಿ ಓಣಿಯ ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನವನು ಬಂದು ಹೋಗಿದ್ದಾನೆ, ನಲ್ಲಿಗೆ ನೀರು ಬಂದಿಲ್ಲ, ಬಿಂದಿಗೆಗಳು ಮಾತ್ರ ಸಾಲಾಗಿ ಕಾಯುತ್ತಿವೆ. ಆ ಸಾಲನ್ನು ತಪ್ಪಿಸಿಕೊಂಡು ಹಾಲೇಶಪ್ಪ ತಮ್ಮ ಸೈಕಲ್ಲನ್ನು ಮನೆಯೊಳಗಿಂದ ಹಿಮ್ಮುಖವಾಗಿ ಇಳಿಸುತ್ತಿದ್ದಾರೆ. ಒಂದು ಕೈ ಸೀಟಿನ ಮೇಲೆ, ಇನ್ನೊಂದು ಹ್ಯಾಂಡಲಿನ ಮೇಲೆ. ಹೊಸ್ತಿಲಿಗೆ ಚಕ್ರ ತಾಗದ ಹಾಗೆ ಎತ್ತಿ ಇಡುತ್ತಾರೆ. ವಯಸ್ಸಾದ ತಾಯಿಯನ್ನು ಮೆಟ್ಟಿಲು ಇಳಿಸುವವರೂ ಇಷ್ಟು ನಾಜೂಕು ಮಾಡಲಿಕ್ಕಿಲ್ಲ. ಪಕ್ಕದಲ್ಲೇ ನಿಂತ ಹೆಂಡತಿ ಕೊಟ್ರವ್ವ ಇದನ್ನು ನೋಡಿ ನೋಡಿ ಸಾಕಾದವರು.

“ಮದುವ್ಯಾಗಿ ಇಷ್ಟು ವರ್ಷ ಆತು, ನನ್ನ ಕೈ ಹಿಡಿದು ಹಿಂಗೆ ಒಂದಿನ ಇಳಿಸಿಲ್ಲ ನೋಡ್ರಿ,” ಎನ್ನುತ್ತಾರೆ.

ಹಾಲೇಶಪ್ಪ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ಹರಕು ಬನಿಯನ್ನಿನಿಂದ ಸೈಕಲ್ಲಿನ ಕಡ್ಡಿ ಕಡ್ಡಿಯನ್ನೂ ಒರೆಸುತ್ತಾರೆ. ಚೈನಿಗೆ ಎರಡು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಡುತ್ತಾರೆ. ಮಳೆಗಾಲವಾದರೆ ಹರಳೆಣ್ಣೆ, ನೀರು ಬಿದ್ದರೂ ಬೇಗ ತೊಳೆದುಹೋಗುವುದಿಲ್ಲವಂತೆ. ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹ್ಯಾಂಡಲಿಗೆ ಚೀಲ ತೂಗುಹಾಕಿ ಹೊರಡುತ್ತಾರೆ. ಮೊದಲ ಗಿರಾಕಿ ಓಣಿಯ ಕೊನೆಯ ಹೋಟೆಲು. ಉಳ್ಳಾಗಡ್ಡಿ ಹೆಚ್ಚುವ ಚಾಕುಗಳು ಬೆಳಕು ಹರಿಯುವುದರೊಳಗೆ ಹರಿತವಾಗಬೇಕು. ಹೋಟೆಲಿನ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿಯಲು ಶುರು ಮಾಡುತ್ತಾರೆ.

ಸೈಕಲ್ಲು ನಿಂತಲ್ಲೇ ನಿಂತಿರುತ್ತದೆ. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಅದಕ್ಕೆ ಸುತ್ತಿದ ಬೆಲ್ಟು ಸೀಟಿನ ಮುಂದಿನ ದಂಡಿಗೆ ಬಿಗಿದ ಸಾಣೆಕಲ್ಲನ್ನು ತಿರುಗಿಸುತ್ತದೆ. ಚಾಕು ತಾಗಿದ ಕೂಡಲೇ ಕಿಡಿಗಳು ಹಾಲೇಶಪ್ಪನವರ ಮೊಣಕಾಲಿನವರೆಗೆ ಹಾರುತ್ತವೆ. ಸ್ಟ್ಯಾಂಡ್ ಹಾಕಿದರೆ ಅಂಗಡಿ, ತೆಗೆದರೆ ಗಾಡಿ. ಬೆಲ್ಟು ಎಂದರೂ ಅದು ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಅವರೇ ಹೊಲಿದು ಮಾಡಿಕೊಂಡದ್ದು.

“ಕತ್ತಿ ಕಲ್ಲಿಗೆ ಸರಿ ಕೂತ್ರೆ ಸುಯ್ ಅಂತೈತೆ. ಇಲ್ಲಾಂದ್ರೆ ಅಳ್ತೈತೆ. ಅಳಿಸಬಾರ್ದು ರೀ ಕಬ್ಬಿಣಾನ,” ಎನ್ನುತ್ತಾ ಚಾಕುವಿನ ಬಾಯನ್ನು ಉಗುರಿನ ಮೇಲಿಟ್ಟು ನೋಡುತ್ತಾರೆ.

ಅರವತ್ತು ದಾಟಿದ ಹಾಲೇಶಪ್ಪ ಒಂದು ಕಾಲಕ್ಕೆ ದಾವಣಗೆರೆಯ ಬಟ್ಟೆ ಮಿಲ್ಲೊಂದರ ವರ್ಕ್‌ಶಾಪಿನಲ್ಲಿದ್ದವರು. ಊರಿನ ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಹರಿದುಹೋದಾಗ, ಇದ್ದ ಪಾಲನ್ನು ಅಣ್ಣನಿಗೇ ಬಿಟ್ಟು ನಗರಕ್ಕೆ ಬಂದವರು. ಮಿಲ್ಲಿಗೆ ಹೋಗಿಬರಲು ಕೊಂಡ ಸೈಕಲ್ಲೇ ಇದು. ಮಿಲ್ಲಿಗೆ ಬೀಗ ಬಿದ್ದ ಮೇಲೆ ಜೊತೆಗಾರರು ಹಮಾಲಿಗೆ ಹೋದರು, ಆಟೋ ಹಿಡಿದರು, ಕೆಲವರು ಗೇಟಿನ ಮುಂದೆ ಕೂತು ಕೂತು ಮುದುಕರಾದರು. ಹಾಲೇಶಪ್ಪ ಮಿಲ್ಲಿನ ಗುಜರಿ ಹರಾಜಿನಲ್ಲಿ ಒಂದು ಸಾಣೆಕಲ್ಲು ತಂದು ಸೈಕಲ್ಲಿನ ದಂಡಿಗೆ ಬಿಗಿದರು. ಆವತ್ತಿನಿಂದ ಅವರು ಸಾಣೆ ಹಾಲೇಶಪ್ಪ. ದಾವಣಗೆರೆಯ ಹೆಂಗಸರಿಗೆ ಅವರ ಮುಖಕ್ಕಿಂತ ದನಿ ಪರಿಚಯ. “ಚಾಕು, ಕತ್ರಿ, ಈಳ್ಗಿ ಸಾಣೇ...” ಎಂದು ಆ ‘ಣೇ’ಯನ್ನು ಬೀದಿಯ ಕೊನೆ ಮುಟ್ಟುವವರೆಗೂ ಎಳೆಯುತ್ತಾರೆ.

ಒಂದು ಚಾಕು ಸಾಣೆ ಹಿಡಿದರೆ ಎರಡು ಟೀ ಕುಡಿಯುವಷ್ಟು ಸಿಗುತ್ತದೆ, ಟೇಲರ್ ಕತ್ತರಿಯಾದರೆ ಒಂದು ಊಟ. ಆನ್‌ಲೈನಿನಲ್ಲಿ ಆರು ಚಾಕು ಒಟ್ಟಿಗೆ ಬರುವ ಕಾಲದಲ್ಲಿ ಮೊಂಡಾದದ್ದನ್ನು ಬಿಸಾಡುವುದೇ ಸುಲಭ. ಆದರೂ ಹಳೇ ಕಬ್ಬಿಣದ ಮೇಲೆ ಮಮತೆ ಇಟ್ಟುಕೊಂಡ ಮನೆಗಳು ಅಲ್ಲಲ್ಲಿ ಉಳಿದಿವೆ. ದೇವರಾಜ ಅರಸು ಬಡಾವಣೆ, ಆನೆಕೊಂಡ, ವಾರಕ್ಕೊಂದು ದಿನ ಹರಿಹರ ಎಂದು ಹಾಲೇಶಪ್ಪ ತಮ್ಮ ಸುತ್ತು ಹಾಕಿಕೊಂಡಿದ್ದಾರೆ. ಅಮಾವಾಸ್ಯೆ ದಿನ ಕಲ್ಲು ತಿರುಗಿಸುವುದಿಲ್ಲ. ಆವತ್ತು ಸೈಕಲ್ಲಿಗೆ ಸ್ನಾನ, ವಿಭೂತಿ, ನಿಂಬೆಹಣ್ಣು.

ಸೈಕಲ್ಲು ಕಳುವಾದರೆ ಅವರ ಅಂಗಡಿಯೂ ಹೋದಂತೆ, ಗಾಡಿಯೂ ಹೋದಂತೆ. ಆ ಹೆದರಿಕೆ ಅವರನ್ನು ಒಂದು ದಿನವೂ ಬಿಟ್ಟಿಲ್ಲ. ಹಿಂದಿನ ಚಕ್ರಕ್ಕೆ ಒಂದು ಬೀಗ. ಅದು ಸಾಲದೆಂದು ಎಮ್ಮೆ ಕಟ್ಟುವಂಥ ಸರಪಳಿ, ಅದಕ್ಕೊಂದು ಬೀಗ. ಟೀ ಕುಡಿಯಲು ನಿಂತರೂ ಕಂಬ ಹುಡುಕಿ ಕಟ್ಟುತ್ತಾರೆ. ರಾತ್ರಿ ಸೈಕಲ್ಲು ಮನೆಯೊಳಗೆ ಬರಬೇಕು, ಒಂದೇ ಖೋಲಿಯ ಮನೆಯಲ್ಲಿ ಅದು ನಿಂತ ಮೇಲೆ ಉಳಿದದ್ದು ಗಂಡಹೆಂಡಿರ ಪಾಲು. ನೆಂಟರ ಮದುವೆಗೆ ಹೋದಾಗ ಛತ್ರದ ಊಟದ ಕೋಣೆಯಲ್ಲಿ ಕಿಟಕಿಯ ಪಕ್ಕದ ಎಲೆಯೇ ಬೇಕೆಂದು ಎರಡು ಪಂಕ್ತಿ ಕಾದು ಕೂತದ್ದನ್ನು ಕೊಟ್ರವ್ವ ಈಗಲೂ ಹೇಳಿ ನಗುತ್ತಾರೆ. ಕಿಟಕಿಯಿಂದ ಸೈಕಲ್ಲು ಕಾಣುತ್ತಿತ್ತು.

ಇಷ್ಟೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದ ಸೈಕಲ್ಲನ್ನು ಯಾವ ಕಳ್ಳನೂ ಮುಟ್ಟಲಿಲ್ಲ. ಅದು ಹೋಗಿ ಸೇರಿದ್ದು ಪೊಲೀಸ್ ಠಾಣೆಯ ಅಂಗಳ.

ಅದಕ್ಕೆ ಕಾರಣ ಅವರ ಕೆಲಸದ ರೀತಿಯೇ. ಹೆಂಗಸರಿಗೆ ಬೆಳಿಗ್ಗೆ ಪುರುಸೊತ್ತಿಲ್ಲ. ಚಾಕು ಕೊಟ್ಟು “ಸಂಜಿಕೆ ಕೊಡು ಹಾಲೇಶಪ್ಪ” ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಬೀದಿ ಮುಗಿಯುವಷ್ಟರಲ್ಲಿ ಚೀಲದ ತುಂಬ ಕತ್ತಿ, ಕತ್ತರಿ, ಮಚ್ಚು. ಯಾವುದು ಯಾರದೆಂದು ತಿಳಿಯಬೇಕಲ್ಲ? ಹಾಲೇಶಪ್ಪ ಪ್ರತಿ ಮನೆಯಿಂದಲೂ ಒಂದು ಚಿಂದಿ ಬಟ್ಟೆ ಕೇಳಿ ಪಡೆದು ಹಿಡಿಗೆ ಕಟ್ಟುತ್ತಿದ್ದರು. ಹಳೇ ಸೀರೆಯ ಅಂಚು, ಹರಿದ ಲಂಗದ ತುಂಡು, ಪಂಚೆಯ ಚೂರು. ಚೀಟಿ ಬರೆಯುವವರಲ್ಲ ಅವರು. ಬಟ್ಟೆ ನೋಡಿದರೆ ಮನೆ ನೆನಪಾಗುತ್ತಿತ್ತು, ಒಂದು ದಿನವೂ ಒಬ್ಬರದು ಇನ್ನೊಬ್ಬರಿಗೆ ಹೋಗಿರಲಿಲ್ಲ.

ಹೋದ ವರ್ಷ ಮಳೆಗಾಲ ಹಿಡಿಯುವ ಮೊದಲಿನ ಮಾತು. ನಗರದಲ್ಲಿ ಒಂದು ಮೆರವಣಿಗೆ ಹತ್ತಿರವಿತ್ತು, ಬಂದೋಬಸ್ತು ಬಿಗಿಯಾಗಿತ್ತು. ಹಾಲೇಶಪ್ಪನವರ ತಲೆಗೆ ಇದು ಯಾವುದೂ ಹೊಕ್ಕಿರಲಿಲ್ಲ. ಬೆಳಿಗ್ಗೆ ದೇವರಾಜ ಅರಸು ಬಡಾವಣೆಯಲ್ಲಿ ಚಾಕು ಕತ್ತರಿಗಳನ್ನು ಎತ್ತಿಕೊಂಡು ಹರಿಹರಕ್ಕೆ ತುಳಿದಿದ್ದರು. ಹರಿಹರದಲ್ಲಿ ಮಟನ್ ಅಂಗಡಿಯ ಮಸ್ತಾನಸಾಬ್ ಅವರ ಹಳೇ ಗಿರಾಕಿ. ಮಸ್ತಾನಸಾಬರ ದೊಡ್ಡ ಕತ್ತಿಗೆ ಸಾಣೆ ಹಿಡಿಯುತ್ತಿರುವಾಗಲೇ ಬೆಲ್ಟು ಕಿತ್ತುಹೋಯಿತು. ಮನೆಯಲ್ಲಿ ಬೆಲ್ಟು ಹೊಲಿದು, ಕತ್ತಿ ಮುಗಿಸಿ, ಮುಂದಿನ ವಾರ ತಂದುಕೊಡುವುದೆಂದು ಮಾತಾಯಿತು. ಮಸ್ತಾನಸಾಬ್ ತಮ್ಮ ಹಸಿರು ಚೌಕಳಿ ಲುಂಗಿಯ ಅಂಚು ಹರಿದು ಹಿಡಿಗೆ ಕಟ್ಟಿಕೊಟ್ಟರು. ಹಾಲೇಶಪ್ಪ ಹೊತ್ತು ಮುಳುಗುವ ಮುಂಚೆ ದಾವಣಗೆರೆಯ ಅಂಚಿಗೆ ಬಂದರು. ಅಲ್ಲಿ ಬ್ಯಾರಿಕೇಡ್ ಹಾಕಿ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದರು.

ಚೀಲ ಬಿಚ್ಚಿದ ಪೊಲೀಸರ ಮುಖ ಹೇಗಾಗಿರಬೇಡ! ಮೆರವಣಿಗೆಯ ಹಿಂದಿನ ದಿನ ಒಬ್ಬ ಮನುಷ್ಯ ಒಂದು ಚೀಲ ಹರಿತವಾದ ಕತ್ತಿಗಳನ್ನು ಹೊತ್ತು ಊರೊಳಗೆ ಬರುತ್ತಿದ್ದಾನೆ. ಅವರ ಅನುಮಾನವನ್ನು ಪೂರಾ ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೆ ಸೈಕಲ್ಲಿನ ಮೇಲೆ ಸಾಣೆಕಲ್ಲು ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತಲ್ಲ, ಅದನ್ನು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಸೈಕಲ್ಲು, ಚೀಲ, ಹಾಲೇಶಪ್ಪ, ಮೂರೂ ಠಾಣೆಗೆ ಹೋದವು.

“ಯಾರವು ಇವು ಅಂತ ಕೇಳಿದ್ರು. ನಾನು ಒಂದೊಂದೇ ಬಟ್ಟೆ ಮುಟ್ಟಿ ಹೇಳಿದೆ. ಇದು ಕಲ್ಲೇಶಪ್ಪನವ್ರ ಮನೀದು, ಇದು ಸರ್ವಮಂಗಳಮ್ಮಾರ್ದು, ಇದು ಮೂಲಿ ಮನಿ ಟೀಚರಮ್ಮಂದು. ನಿಜ ಹೇಳಿದ್ರೆ ಬಿಡ್ತಾರೆ ಅನ್ಕಂಡಿದ್ದೆ,” ಎನ್ನುತ್ತಾರೆ ಹಾಲೇಶಪ್ಪ.

ಒಂದು ಕತ್ತಿಯ ಬಗ್ಗೆ ಮಾತ್ರ ಅವರು ನಿಜ ಹೇಳಲಿಲ್ಲ. ಹಸಿರು ಚೌಕಳಿ ಬಟ್ಟೆಯ ಆ ದೊಡ್ಡ ಕತ್ತಿ ಮೇಜಿನ ಮೇಲೆ ಬಂದಾಗ, ಮಸ್ತಾನಸಾಬ್ ಎಂಬ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಆವತ್ತಿನ ದಿನ, ಆ ಮೇಜಿನ ಮುಂದೆ, ಆ ಹೆಸರು ಹೇಳಿದರೆ ಏನಾಗುತ್ತದೆಂದು ತಿಳಿಯದಷ್ಟು ಮುಗ್ಧರಲ್ಲ ಅವರು. “ನೆನಪಿಲ್ಲ ಸರ್” ಎಂದುಬಿಟ್ಟರು. ಅಷ್ಟೂ ಬಟ್ಟೆ ಗುರುತಿಸಿದವರು ಇದೊಂದನ್ನು ಮರೆತರೆಂದರೆ ಯಾರು ನಂಬುತ್ತಾರೆ?

ಆವತ್ತು ಅವರನ್ನು ಮನೆಗೆ ಬಿಟ್ಟರು, ಸೈಕಲ್ಲು ಚೀಲ ಅಲ್ಲೇ ಉಳಿದವು. ಮೆರವಣಿಗೆ ಮುಗಿದ ಮಾರನೆಯ ದಿನ ವೀರೇಶ್ ಎಂಬ ಹುಡುಗ ವಯಸ್ಸಿನ ಕಾನ್‌ಸ್ಟೇಬಲ್ ಹಾಲೇಶಪ್ಪನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಠಾಣೆಯಲ್ಲಿದ್ದ ಚೀಲವನ್ನೂ ತೆಗೆದುಕೊಂಡು ದೇವರಾಜ ಅರಸು ಬಡಾವಣೆಗೆ ಹೊರಟರು. ಒಳ್ಳೆಯ ಮನಸ್ಸಿನಿಂದಲೇ ಹೊರಟದ್ದು. “ಒಬ್ಬರು ನಂದು ಅಂತ ಸಹಿ ಹಾಕ್ಲಿ ಯಜಮಾನ್ರೆ, ಸಾಹೇಬ್ರಿಗೆ ನಾನೇ ಹೇಳಿ ಬಿಡಿಸ್ತೀನಿ,” ಎಂದಿದ್ದರು. ಹಾಲೇಶಪ್ಪನವರಿಗೆ ನೆಮ್ಮದಿಯಾಯಿತು. ಒಬ್ಬರೇಕೆ, ಬೀದಿಗೆ ಬೀದಿಯೇ ಎದ್ದು ಬರುತ್ತದೆಂದು ಅವರ ನಂಬಿಕೆ. ಮೂವತ್ತು ವರ್ಷ ಆ ಬೀದಿಯ ಒಗ್ಗರಣೆಗಳೆಲ್ಲ ಅವರ ಹರಿತದ ಮೇಲೇ ಬೆಂದಿದ್ದವು.

ಮೊದಲ ಮನೆ ಕಲ್ಲೇಶಪ್ಪನವರದು. ನಿವೃತ್ತ ಅಧಿಕಾರಿ, ಎರಡು ಅಂತಸ್ತಿನ ಮನೆ, ಬಾಗಿಲಲ್ಲಿ ಕರಿಕಲ್ಲಿನ ನಾಮಫಲಕ. ತೆಂಗಿನಕಾಯಿ ಸುಲಿಯುವ ಮಚ್ಚು ಅವರದು. ಹಾಲೇಶಪ್ಪ ಬಂದರೆ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಟೀ ಕೊಡುತ್ತಿದ್ದ ಮನೆ. ಕಲ್ಲೇಶಪ್ಪನವರು ಗೇಟಿನ ಒಳಗೇ ನಿಂತು ಪೊಲೀಸ್ ಟೋಪಿಯನ್ನು ನೋಡಿದರು, ಆಮೇಲೆ ಮಚ್ಚನ್ನು ನೋಡಿದರು, ಹಾಲೇಶಪ್ಪನವರ ಮುಖವನ್ನು ಮಾತ್ರ ನೋಡಲಿಲ್ಲ.

“ನಮ್ದಲ್ಲ ರೀ ಇದು. ಯಾರಪ್ಪಾ ಇವ್ರು? ಬೀದಿಯಾಗೆ ನೂರು ಜನ ಬರ್ತಾರೆ ಹೋಗ್ತಾರೆ, ನಾವು ಯಾರನ್ನಂತ ನೆನಪಿಟ್ಕಳಾದು,” ಎಂದು ಗೇಟಿನ ಕೊಂಡಿ ಹಾಕಿದರು.

ಎರಡನೆಯದು ಸರ್ವಮಂಗಳಮ್ಮನವರ ಮನೆ. ಬಡಾವಣೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವರು. ಅವರ ಉದ್ದನೆಯ ಕತ್ತರಿಗೆ ಎರಡು ದಿನದ ಹಿಂದೆ ತಾನೇ ಅವರೇ ನೇರಳೆ ಬಣ್ಣದ ರವಿಕೆ ತುಂಡು ಕಟ್ಟಿಕೊಟ್ಟಿದ್ದರು. ಆ ರವಿಕೆ ಬಟ್ಟೆಯ ಉಳಿದ ಭಾಗ ಆ ಹೊತ್ತಿಗೂ ಮಷೀನಿನ ಮೇಲೆ ಅರ್ಧ ಹೊಲಿದು ಬಿದ್ದಿತ್ತು. ವೀರೇಶ್ ನೋಡಿದರು, ಹಾಲೇಶಪ್ಪ ನೋಡಿದರು, ಸರ್ವಮಂಗಳಮ್ಮನವರೂ ಒಮ್ಮೆ ತಿರುಗಿ ಅದರ ಕಡೆ ನೋಡಿದರು.

“ಇಲ್ರೀ, ನಂದಲ್ಲ,” ಎಂದರು. ಒಂದು ಗಳಿಗೆ ಬಿಟ್ಟು, “ಬಟ್ಟಿ ಏನು, ಎಲ್ಲಾ ಅಂಗಡ್ಯಾಗೂ ಸಿಗ್ತೈತಲ್ಲ,” ಎಂದೂ ಸೇರಿಸಿದರು. ಅಷ್ಟೆಂದು ಬಾಗಿಲು ಮುಂದಕ್ಕೆ ತಳ್ಳಿಕೊಂಡರು.

ಮೂರನೆಯ ಮನೆಯ ಮುಂದೆ ಬೈಕು ನಿಲ್ಲುವ ಮೊದಲೇ ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಆಗಲೇ ಫೋನುಗಳು ಓಡಾಡಿದ್ದವು. ಯಾವುದೋ ಮನೆಯ ಮಹಡಿಯಿಂದ ಹೆಣ್ಣುದನಿಯೊಂದು, “ಚಾಕು ಸಾಣೆ ಹಿಡಿ ಅಂದ್ರೆ ಹೆಸ್ರು ಪೊಲೀಸ್ರಿಗೆ ಕೊಟ್ಟು ಬಂದಾನೆ ನೋಡ್ರಿ,” ಎಂದದ್ದು ಕೆಳಗೆ ಚೆನ್ನಾಗಿಯೇ ಕೇಳಿಸಿತು.

“ಸಾಕು ಸರ್, ತಿರುಗಿಸ್ರಿ ಗಾಡೀನ,” ಎಂದರು ಹಾಲೇಶಪ್ಪ.

ಈ ಮನೆಗಳವರು ಯಾರೂ ಕೆಟ್ಟವರಲ್ಲ. ಹಬ್ಬಕ್ಕೆ ಹೋಳಿಗೆ ಕೊಡುತ್ತಾರೆ, ಬಿಸಿಲಲ್ಲಿ ಬಂದರೆ ನೀರು ಕೊಡುತ್ತಾರೆ. ಒಂದು ಸಹಿ ಮಾತ್ರ ಕೊಡುವುದಿಲ್ಲ. ಹೋದರೆ ಒಂದು ಚಾಕು ತಾನೇ ಎಂದು ಅವರು ಲೆಕ್ಕ ಹಾಕಿರಬೇಕು. ಹೋಗುತ್ತಿರುವುದು ಒಬ್ಬ ಮನುಷ್ಯನ ಕೈಕಾಲು ಎಂದು ಆ ಬಡಾವಣೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಸುಮ್ಮನಾದರು.

ವಾಪಸು ಬರುವಾಗ ವೀರೇಶ್ ಬೈಕು ನಿಲ್ಲಿಸಿ ಮೆಲ್ಲಗೆ ಹೇಳಿದರು, “ಮನಿಯೋರ ಚಾಕು ಹೋಗ್ಲಿ ಯಜಮಾನ್ರೆ. ಸಾಹೇಬ್ರ ಕಣ್ಣಿರೋದು ಆ ದೊಡ್ಡ ಕತ್ತಿ ಮ್ಯಾಲೆ. ಯಾರದು ಅಂತ ಹೇಳಿಬಿಡ್ರಿ, ಸೈಕಲ್ ನಾಳೆನೇ ತಗಂಡು ಹೋಗೀರಂತೆ.”

ಹಾಲೇಶಪ್ಪ ಆಗಲೂ ನೆನಪಿಲ್ಲವೆಂದರು. ಯಾಕೆಂದು ಈಗ ಕೇಳಿದರೆ ಸ್ವಲ್ಪ ಸಿಟ್ಟಿನಿಂದಲೇ ಉತ್ತರಿಸುತ್ತಾರೆ: “ಕಲ್ಲೇಶಪ್ಪನವ್ರ ಹೆಸ್ರು ಹೇಳಿದ್ರೆ ಅವ್ರ ಮನಿಗೆ ಬೈಕು ಹೋತು, ಕೇಳಿ ಬಂತು. ಸಾಬ್ರ ಹೆಸ್ರು ಹೇಳಿದ್ರೆ ಜೀಪು ಹೋಗ್ತಿತ್ತು. ಇಷ್ಟು ತಿಳಿಯಲ್ವೇನ್ರಿ ನಂಗೆ?”

ಠಾಣೆಯ ಅಂಗಳದಲ್ಲಿ ಸೈಕಲ್ಲಿಗೆ ಒಳ್ಳೆಯ ಸಹವಾಸವೇ ಸಿಕ್ಕಿತ್ತು. ಹೊಳೆಯ ಮರಳು ಕದ್ದು ಸಿಕ್ಕಿಬಿದ್ದ ಟ್ರ್ಯಾಕ್ಟರು, ಅಪಘಾತದಲ್ಲಿ ನಜ್ಜುಗುಜ್ಜಾದ ಕಾರು, ಯಾರೂ ಬಿಡಿಸಿಕೊಳ್ಳದ ಬೈಕುಗಳ ರಾಶಿ. ಹಾಲೇಶಪ್ಪ ದಿನಾ ಬೆಳಿಗ್ಗೆ ಬಂದು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ಒಂದು ದಿನ ಬೆಲ್ಲು ಇರಲಿಲ್ಲ. ಇನ್ನೊಂದು ದಿನ ಸೀಟಿನ ಜಾಗದಲ್ಲಿ ಬರೀ ಕೊಳವೆ ನಿಂತಿತ್ತು. ಕಳ್ಳರಿಂದ ಕಾಪಾಡಲು ಸರಪಳಿ ಹೊತ್ತು ತಿರುಗಿದ ಮನುಷ್ಯನ ಸೈಕಲ್ಲಿನ ಅಂಗಾಂಗಗಳು ಊರಿನಲ್ಲೇ ಅತಿ ಭದ್ರವಾದ ಜಾಗದಲ್ಲಿ ಒಂದೊಂದಾಗಿ ಮಾಯವಾದವು. ದೂರು ಕೊಡೋಣವೆಂದರೆ ಎಲ್ಲಿ ಕೊಡುವುದು? ಅವರು ನಿಂತಿದ್ದೇ ಠಾಣೆಯ ಮುಂದೆ.

ಸೈಕಲ್ಲಿಗೆ ನಂಬರ್ ಪ್ಲೇಟಿಲ್ಲ, ಆರ್‌ಸಿ ಇಲ್ಲ. ಕೊಂಡ ಅಂಗಡಿಯೂ ಮುಚ್ಚಿ ಎಷ್ಟೋ ಕಾಲವಾಗಿತ್ತು. ನಿನ್ನದೆನ್ನಲು ಏನು ಗುರುತು ಎಂದು ಕೇಳಿದಾಗ ಹಾಲೇಶಪ್ಪ ಸೊಂಟದಿಂದ ಬೀಗದ ಕೈ ತೆಗೆದು ತೋರಿಸಿದರು. ಅಂಥ ಕೈ ಯಾರ ಹತ್ತಿರ ಬೇಕಾದರೂ ಇರುತ್ತದೆ ಎಂದು ಠಾಣೆಯವರು ನಕ್ಕರು. ಮಳೆ ಶುರುವಾಯಿತು. ಒಂದು ದಿನ ಹಾಲೇಶಪ್ಪ ಕೈಮುಗಿದು ಕೇಳಿದರು, ಸೈಕಲ್ಲು ಕೊಡುವುದು ಬ್ಯಾಡ, ಚೈನಿಗೆ ಎಣ್ಣೆ ಹಾಕಲು ಬಿಡ್ರಿ ಎಂದು. ಸೀಜ್ ಮಾಡಿದ ವಸ್ತುವನ್ನು ಮುಟ್ಟುವ ಹಾಗಿಲ್ಲವಂತೆ. ಮುಟ್ಟುವ ಹಾಗಿಲ್ಲದ ವಸ್ತುವಿನ ಸೀಟು ಯಾರ ಕೈಗೆ ಹೋಯಿತೆಂದು ಅವರು ಕೇಳಲಿಲ್ಲ.

“ಮನ್ಯಾಗೆ ಅಷ್ಟು ಜಾಗ ಖಾಲಿ ಆತಲ್ಲ, ಕಾಲು ಚಾಚಿ ಮಲಗಬಹುದಿತ್ತು. ಇವ್ರು ನಿದ್ದೀನೇ ಮಾಡ್ಲಿಲ್ಲ,” ಎನ್ನುತ್ತಾರೆ ಕೊಟ್ರವ್ವ. ಆ ದಿನಗಳಲ್ಲಿ ಅವರು ಖಾನಾವಳಿಯೊಂದಕ್ಕೆ ರೊಟ್ಟಿ ತಟ್ಟಲು ಹೋಗಿ ಮನೆ ನಡೆಸಿದರು. ಹಾಲೇಶಪ್ಪ ಮಾರ್ಕೆಟ್ಟಿಗೆ ಹಮಾಲಿಗೆ ಹೋದರು. ಒಂದೇ ವಾರಕ್ಕೆ ಸೊಂಟ ಹಿಡಿದು ಮನೆಯಲ್ಲಿ ಕೂತರು.

ಹರಿಹರದಲ್ಲಿ ಮಸ್ತಾನಸಾಬ್ ಕಾಯುತ್ತಿದ್ದರು. ಹೇಳಿದ ವಾರ ಹಾಲೇಶಪ್ಪ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮಾತು ತಪ್ಪುವ ಆಸಾಮಿಯಲ್ಲ, ಮೈಗೆ ಹುಷಾರಿಲ್ಲವೇನೋ ಎಂದು ಬಸ್ಸು ಹಿಡಿದು ನಿಟ್ಟುವಳ್ಳಿಗೆ ಹುಡುಕಿಕೊಂಡು ಬಂದರು. ಹಾಲೇಶಪ್ಪ ಏನೋ ಒಂದು ಹೇಳಿ ಸಾಗಹಾಕಲು ನೋಡಿದರು. ಕೊಟ್ರವ್ವನಿಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿ ಅತ್ತುಬಿಟ್ಟರು.

ಮಸ್ತಾನಸಾಬ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, “ಸ್ಟೇಷನ್ ಯಾವ ಕಡಿಗೆ ಬರ್ತೈತೆ ಹಾಲೇಶಣ್ಣ?” ಎಂದರು.

“ಬ್ಯಾಡ್ರಿ ಸಾಬ್ರೇ. ನಿಮಗ್ಯಾಕ ಇಲ್ಲದ್ದು? ಇವತ್ತಲ್ಲ ನಾಳೆ ಬಿಡ್ತಾರೆ,” ಎಂದು ಹಾಲೇಶಪ್ಪ ಬಾಗಿಲಿಗೆ ಅಡ್ಡ ನಿಂತರು.

“ಕತ್ತಿ ನಂದು ಐತಲ್ಲಣ್ಣ. ನಂದಲ್ಲ ಅಂತ ಹೆಂಗೆ ಸುಮ್ಮನಿರ್ಲಿ?”

ಅದನ್ನು ಅವರು ಸಾಮಾನ್ಯ ಮಾತಿನ ಹಾಗೆ, ಕೈಯಲ್ಲಿದ್ದ ಛತ್ರಿ ಬಿಚ್ಚುತ್ತಾ ಹೇಳಿದರು ಎಂದು ಹಾಲೇಶಪ್ಪ ನೆನೆಯುತ್ತಾರೆ. ನೆನೆಯುವಾಗ ಕಣ್ಣು ಒದ್ದೆಯಾಗುತ್ತದೆ, ಅದನ್ನು ಒರೆಸಿಕೊಳ್ಳಲು ಎಣ್ಣೆ ಬನಿಯನ್ನೇ ಎತ್ತಿಕೊಂಡು ಕಣ್ಣು ಉರಿಸಿಕೊಳ್ಳುತ್ತಾರೆ.

ಇಬ್ಬರೂ ಠಾಣೆಗೆ ಹೋದರು. ಮಸ್ತಾನಸಾಬ್ ಕತ್ತಿ ತಮ್ಮದೆಂದರು, ಲುಂಗಿಯ ಅಂಚು ತಮ್ಮದೆಂದರು, ಅಂಗಡಿಯ ಲೈಸೆನ್ಸು ಮೇಜಿನ ಮೇಲಿಟ್ಟರು. ಪೊಲೀಸರು ಮಧ್ಯಾಹ್ನದವರೆಗೆ ನಿಲ್ಲಿಸಿ ಕೇಳಿದ್ದನ್ನೇ ಕೇಳಿದರು. ಯಾವ ಸಂಘಟನೆ, ಯಾರ್‍ಯಾರ ಪರಿಚಯ, ಮೆರವಣಿಗೆಯ ದಿನ ಎಲ್ಲಿದ್ದೆ. ಮಸ್ತಾನಸಾಬ್ ಎಲ್ಲದಕ್ಕೂ ಉತ್ತರ ಕೊಟ್ಟರು. ಹೆಸರು, ವಿಳಾಸ, ಫೋಟೊ, ಹೆಬ್ಬೆರಳಿನ ಗುರುತು ತೆಗೆದುಕೊಂಡ ಮೇಲೆ ಕತ್ತಿಯ ಗುಟ್ಟು ಬಗೆಹರಿಯಿತು. ಗುಟ್ಟು ಬಗೆಹರಿದ ಮೇಲೆ ಸೈಕಲ್ಲು ಇಟ್ಟುಕೊಂಡು ಏನು ಮಾಡುವುದು? “ತಗಂಡು ಹೋಗು” ಎಂದರು.

ಎರಡೂ ಟಯರು ಗಾಳಿ ಹೋಗಿ ಕುಸಿದಿದ್ದವು. ಚೈನು ತುಕ್ಕು ಹಿಡಿದು ಕಲ್ಲಾಗಿತ್ತು. ರಾಶಿಯಿಂದ ಜಾರಿದ ಬೈಕೊಂದು ಮೇಲೆ ಬಿದ್ದು ಸಾಣೆಕಲ್ಲು ಬಿರುಕು ಬಿಟ್ಟಿತ್ತು. ಬಿರುಕು ಬಿಟ್ಟ ಕಲ್ಲನ್ನು ತಿರುಗಿಸುವಂತಿಲ್ಲ, ಸಿಡಿದರೆ ಕಣ್ಣೇ ಹೋಗುತ್ತದೆ. ಹಾಲೇಶಪ್ಪ ಹ್ಯಾಂಡಲ್ ಹಿಡಿದರು, ಮಸ್ತಾನಸಾಬ್ ಹಿಂದಿನ ಚಕ್ರ ಎತ್ತಿ ಹಿಡಿದರು. ಮಳೆಯಲ್ಲಿ ಇಬ್ಬರು ಮುದುಕರು ಆ ಸೈಕಲ್ಲನ್ನು ನಿಟ್ಟುವಳ್ಳಿಯವರೆಗೆ ಹೆಣ ಹೊತ್ತ ಹಾಗೆ ಹೊತ್ತು ತಂದರು.

ಅದನ್ನು ಮತ್ತೆ ಸೈಕಲ್ಲು ಮಾಡಲು ಮಳೆಗಾಲವೆಲ್ಲ ಹಿಡಿಯಿತು. ಸೀಮೆಎಣ್ಣೆಯಲ್ಲಿ ಚೈನಿನ ಒಂದೊಂದು ಕೊಂಡಿಯನ್ನೂ ನೆನೆಸಿ ತಿಕ್ಕಿದರು. ಹಳೇ ಸೀಟು ಗುಜರಿಯಲ್ಲಿ ಸಿಕ್ಕಿತು. ಮಿಲ್ಲಿನ ಕಲ್ಲಿನಂಥ ಕಲ್ಲು ಮಾತ್ರ ಸಿಗಲಿಲ್ಲ, ಈಗಿನದು ಬೇಗ ಸವೆಯುತ್ತದೆ. ದಂಡಿ, ಚೈನು ಎರಡೇ ಹಳೆಯವು, ಉಳಿದದ್ದೆಲ್ಲ ಅಲ್ಲಿಂದಿಲ್ಲಿಂದ ತಂದು ಕೂಡಿಸಿದ್ದು. ಈಗಲೂ ದಿನಾ ಎಣ್ಣೆ ಬೀಳುತ್ತದೆ, ಅಮಾವಾಸ್ಯೆಗೆ ವಿಭೂತಿ ಬೀಳುತ್ತದೆ. ಆ ಅಕ್ಕರೆಯಲ್ಲಿ ಮೊದಲಿನ ಖುಷಿ ಕಾಣುವುದಿಲ್ಲ, ಕಾಯಿಲೆಯಿಂದ ಎದ್ದವರನ್ನು ನೋಡಿಕೊಳ್ಳುವ ಅಂಜಿಕೆಯೇ ಹೆಚ್ಚು.

ಮರೆಯುವುದರಲ್ಲಿ ನಮ್ಮ ಬಡಾವಣೆಗಳು ಬಲು ಚುರುಕು. ಹಾಲೇಶಪ್ಪ ಮತ್ತೆ ದೇವರಾಜ ಅರಸು ಬಡಾವಣೆಯಲ್ಲಿ ಕೂಗು ಹಾಕಿದ ದಿನ ಬಾಗಿಲುಗಳು ಏನೂ ಆಗಿಲ್ಲವೆಂಬಂತೆ ತೆರೆದವು. “ಎಲ್ಲಿ ಹೋಗಿದ್ರಿ ಇಷ್ಟು ದಿನ, ಚಾಕು ಎಲ್ಲಾ ಮೊಂಡಾಗಿ ಕುಂತಾವೆ,” ಎಂದು ಒಬ್ಬರು ದಬಾಯಿಸಿದರು ಕೂಡ. ಸರ್ವಮಂಗಳಮ್ಮನವರು ಹೊಸ ಕತ್ತರಿ ತಂದು ಕೊಟ್ಟರು. ಹಳೆಯದು ಇನ್ನೂ ಠಾಣೆಯಲ್ಲಿದೆ. ಹಾಲೇಶಪ್ಪ ಅವರ ಎದುರೇ ಸಾಣೆ ಹಿಡಿದು, ಎದುರೇ ಕೈಗೆ ಕೊಟ್ಟರು. ಈಗ ಅವರು ಯಾರ ಮನೆಯದನ್ನೂ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ, ಚಿಂದಿ ಬಟ್ಟೆ ಕೇಳುವುದೂ ಇಲ್ಲ.

“ಮಕ್ಕಳು ಮರಿ ಇರೋ ಮನಿ ಹಾಲೇಶಪ್ಪ, ಆವತ್ತು ಹೆದರಿಕೆ ಆತು,” ಎಂದರಂತೆ ಸರ್ವಮಂಗಳಮ್ಮ, ನೆಲ ನೋಡುತ್ತಾ. ಹಾಲೇಶಪ್ಪ ಸ್ಟ್ಯಾಂಡ್ ತೆಗೆದು ಮುಂದಿನ ಮನೆಗೆ ಸೈಕಲ್ಲು ತಳ್ಳಿದರು.

ಬೇಕೆಂದೇ ಸ್ವಲ್ಪ ಮೊಂಡು ಬಿಡಬೇಕೆಂದು ಅನ್ನಿಸಲಿಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಕತ್ರಿ ಏನು ತಪ್ಪು ಮಾಡೈತ್ರಿ?”

ಇಲ್ಲಿಗೆ ನಿಲ್ಲಿಸಿದ್ದರೆ ಇದು ಕಳೆದದ್ದು ಮರಳಿ ಸಿಕ್ಕ ಕಥೆಯಾಗುತ್ತಿತ್ತು. ಆದರೆ ಸೈಕಲ್ಲು ಹೊರಗೆ ಬಂದ ದಿನ ಠಾಣೆಯ ಒಳಗೆ ಬೇರೊಂದು ಉಳಿದುಕೊಂಡಿತ್ತು, ಮಸ್ತಾನಸಾಬರ ಹೆಸರು. ಆವತ್ತು ಬರೆದುಕೊಂಡ ಹೆಸರು ಯಾವುದೋ ಪಟ್ಟಿಗೆ ಸೇರಿತು. ಅಂದಿನಿಂದ ಹಬ್ಬ, ಮೆರವಣಿಗೆ, ಚುನಾವಣೆ ಏನೇ ಬರಲಿ, ಹಿಂದಿನ ದಿನ ಮಸ್ತಾನಸಾಬ್ ಅಂಗಡಿ ಮುಚ್ಚಿ ಹರಿಹರದಿಂದ ದಾವಣಗೆರೆಗೆ ಬಂದು ಆ ಠಾಣೆಯಲ್ಲಿ ಸಹಿ ಹಾಕಬೇಕು. ಹೇಳುವವರೆಗೂ ಬೆಂಚಿನ ಮೇಲೆ ಕೂತಿರಬೇಕು. ಜೀವಮಾನದಲ್ಲಿ ಒಂದು ಜಗಳ ಆಡಿದವರಲ್ಲ. ನನ್ನ ಕತ್ತಿ ನನ್ನದೆಂದು ಹೇಳಿದ್ದು ಬಿಟ್ಟರೆ ಬೇರೆ ಅಪರಾಧ ಅವರ ಲೆಕ್ಕದಲ್ಲಿಲ್ಲ. ನನ್ನದಲ್ಲ ಎಂದವರೆಲ್ಲ ಹಬ್ಬದ ಹಿಂದಿನ ದಿನ ಮನೆಯಲ್ಲಿ ಹೂರಣ ರುಬ್ಬುತ್ತಿರುತ್ತಾರೆ.

ಇವತ್ತು ಅಂಥದೇ ಒಂದು ದಿನ. ಹೋಟೆಲಿನ ಚಾಕುಗಳನ್ನು ಮುಗಿಸಿದ ಹಾಲೇಶಪ್ಪ ಬಡಾವಣೆಯ ಕಡೆ ತಿರುಗಲಿಲ್ಲ. ಸಾಣೆಕಲ್ಲಿಗೆ ಗೋಣಿ ಹೊದಿಸಿ, ನೇರ ಠಾಣೆಯ ದಾರಿ ಹಿಡಿದಿದ್ದಾರೆ. ಸೈಕಲ್ಲನ್ನು ಕಾಂಪೌಂಡಿನ ಒಳಗೆ ಒಯ್ಯುವುದಿಲ್ಲ, ಎದುರಿನ ಟೀ ಅಂಗಡಿಯ ಕಂಬಕ್ಕೆ ಸರಪಳಿ ಬಿಗಿದು ಒಳಗೆ ಹೋಗುತ್ತಾರೆ. ಮಸ್ತಾನಸಾಬ್ ಆಗಲೇ ಸಹಿ ಹಾಕಿ ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಹಾಲೇಶಪ್ಪ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ಪ್ರತಿ ಸಲವೂ ಹೀಗೆಯೇ, ಸಾಬರನ್ನು ಕರೆದ ದಿನ ಹಾಲೇಶಪ್ಪನವರೂ ಕೆಲಸ ಬಿಟ್ಟು ಬಂದು, ಸಾಬರನ್ನು ಬಿಡುವವರೆಗೂ ಕೂತಿರುತ್ತಾರೆ.

“ಮನಿಗೆ ಹೋಗು ಹಾಲೇಶಣ್ಣ, ದುಡಿಮಿ ಹಾಳು,” ಎನ್ನುತ್ತಾರೆ ಮಸ್ತಾನಸಾಬ್.

“ನಿಮ್ದೂ ಹಾಳೇ ಅಲ್ಲನ್ರಿ ಸಾಬ್ರೇ? ಕೂಡ್ರಿ ಸುಮ್ಕೆ,” ಎಂದು ಹಾಲೇಶಪ್ಪ ಟೀ ಕೈಗಿಡುತ್ತಾರೆ.

ಆಮೇಲೆ ಮಾತು ಮಳೆ, ಮಂಡಿನೋವು, ಮಟನ್ ರೇಟಿನ ಕಡೆ ಹೊರಳುತ್ತದೆ. ಹೊಸದಾಗಿ ಬಂದ ಕಾನ್‌ಸ್ಟೇಬಲ್ ಒಬ್ಬರು ಬಂದು, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ, ನೀವ್ಯಾಕೆ ಕೂತಿದ್ದೀರಿ ಎಂದು ಹಾಲೇಶಪ್ಪನವರನ್ನು ಎಬ್ಬಿಸಲು ನೋಡುತ್ತಾರೆ. ವೀರೇಶ್ ದೂರದಿಂದಲೇ ಬೇಡವೆಂದು ಕೈ ಮಾಡುತ್ತಾರೆ. ಬಿಡಿಸುವ ಅಧಿಕಾರ ಅವರಿಗಿಲ್ಲ, ಕೂರಲು ಬಿಡುವಷ್ಟು ನಾಚಿಕೆ ಉಳಿದಿದೆ.

ಇಂಥ ಬರಹಗಳ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಿಮಗೇನು ಆಸೆ? ಒಳ್ಳೆಯ ಸಾಣೆಕಲ್ಲು ಎಂದಾರು, ಪಿಂಚಣಿ ಎಂದಾರು ಎಂದುಕೊಂಡರೆ ಹಾಲೇಶಪ್ಪ ಖಾಲಿ ಟೀ ಲೋಟವನ್ನು ಬೆಂಚಿನ ಕೆಳಗಿಡುತ್ತಾರೆ. ಆಮೇಲೆ ಪಕ್ಕದಲ್ಲಿ ಕೂತು ತೂಕಡಿಸುತ್ತಿರುವ ಮಸ್ತಾನಸಾಬರಿಗೆ ಎಚ್ಚರವಾಗದ ಹಾಗೆ ದನಿ ತಗ್ಗಿಸುತ್ತಾರೆ.

“ಆ ಪಟ್ಟಿಯಾಗಿಂದ ಸಾಬ್ರ ಹೆಸ್ರು ಹೊಡೆದು ಹಾಕ್ಲಿ, ಅಷ್ಟೇ. ಆಗಂಗಿಲ್ಲ ಅಂದ್ರೆ ಅವ್ರ ಹೆಸ್ರಿನ ಕೆಳಗೆ ನಂದೂ ಬರ್ಕಳ್ಳಿ. ಆ ಕತ್ತಿಗೆ ಸಾಣೆ ಹಿಡಿದಾವ ನಾನೇ ಅಲ್ಲನ್ರಿ?”